ಕೂಗಿಗೆ ಹತ್ತು ಅಂಕ

"ತಲೆ ಅಲ್ಲಾಡಿಸ್ಬೇಡ ಅಪ್ಪ, ಮಾಸ್ಕಿನ ಪಟ್ಟಿ ಜಾರುತ್ತೆ," ಎಂದು ಪಿಸು ಅಪ್ಪನ ಕಿವಿಯ ಹತ್ತಿರ ಬಗ್ಗಿ ಹೇಳಿದಳು. ಅದು ಅಪ್ಪನಿಗಷ್ಟೇ ಕೇಳಿಸಿತು. ಒಂದು ಮಾರು ದೂರದಲ್ಲಿ ನಿಂತಿದ್ದ ಮೇಡಂ ಕತ್ತು ಮುಂದೆ ಚಾಚಿ, "ಏನಂದೆ?" ಎಂದರು.

"ಏನಿಲ್ಲ ಮೇಡಂ."

"ಅದೂ ಕೇಳಿಸ್ಲಿಲ್ಲ."

ಬಾಗಿಲ ಬಳಿ ತಮ್ಮ ಸರದಿಗಾಗಿ ಕಾಯುತ್ತಿದ್ದ ಸಹಪಾಠಿಗಳು ಕಿಸಕ್ಕನೆ ನಕ್ಕರು. ಅವಳಿಗೆ ಒಂದು ಸರಿಯಾದ ಹೆಸರಿತ್ತು, ಆದರೆ ಅದು ಬಳಕೆಗೆ ಬರುತ್ತಿದ್ದುದು ಹಾಜರಿ ಕರೆಯುವಾಗ ಮಾತ್ರ. ಕರೆದಾಗ ಅವಳು ಕೊಡುತ್ತಿದ್ದ ಉತ್ತರ ಮೊದಲ ಬೆಂಚನ್ನೂ ದಾಟದೆ, ಎಷ್ಟೋ ದಿನ ಕ್ಲಾಸಿನಲ್ಲಿ ಕೂತಿದ್ದೂ ಗೈರುಹಾಜರಾಗಿದ್ದಳು. ಕ್ರೀಡಾ ವಿಜ್ಞಾನ ವಿಭಾಗಕ್ಕೆ ಸೇರಿದ ಮೊದಲ ವಾರದಲ್ಲೇ ಗೆಳೆಯರು ಪಿಸು ಅಂತ ಹೆಸರಿಟ್ಟರು. ಈಗ ಎರಡನೇ ವರ್ಷ ಮುಗಿಯುತ್ತ ಬಂದಿದ್ದರೂ ಆ ಹೆಸರಿಗೆ ಚ್ಯುತಿ ಬರುವಂಥದ್ದೇನೂ ಅವಳು ಮಾಡಿರಲಿಲ್ಲ.

ಅಪ್ಪ ಕೂತಿದ್ದು ಚಕ್ರವಿಲ್ಲದ ಸೈಕಲ್ಲಿನ ಮೇಲೆ. ಎಷ್ಟು ತುಳಿದರೂ ಅದು ಇದ್ದಲ್ಲೇ ಇರುತ್ತದೆ, ಆದರೆ ನಿಮಿಷ ನಿಮಿಷಕ್ಕೂ ಪೆಡಲು ಇನ್ನಷ್ಟು ಬಿಗಿಯಾಗುತ್ತ ಹೋಗುತ್ತದೆ. ಮೂಗು ಬಾಯಿ ಎರಡನ್ನೂ ಮುಚ್ಚುವ ಮಾಸ್ಕು, ಮಾಸ್ಕಿನಿಂದ ಒಂದು ಕೊಳವೆ, ಕೊಳವೆಯ ಆ ತುದಿಗೆ ಯಂತ್ರ. ಪ್ರತಿ ಉಸಿರಿನಿಂದ ದೇಹ ಎಷ್ಟು ಆಮ್ಲಜನಕ ಎಳೆದುಕೊಂಡಿತು ಅಂತ ಆ ಯಂತ್ರ ಪರದೆಯ ಮೇಲೆ ಗೆರೆ ಎಳೆದು ತೋರಿಸುತ್ತದೆ. ತುಳಿತ ಬಿಗಿಯಾದಂತೆ ಗೆರೆ ಏರುತ್ತದೆ. ಕೊನೆಗೊಂದು ಹಂತ ಬರುತ್ತದೆ, ಅಲ್ಲಿಂದಾಚೆ ಎಷ್ಟು ಒದ್ದಾಡಿದರೂ ದೇಹಕ್ಕೆ ಹೆಚ್ಚಿನದನ್ನು ಎಳೆದುಕೊಳ್ಳಲಾಗದು. ಆ ಮನುಷ್ಯನ ಮಿತಿ ಅದೇ, ಅದನ್ನು ಮುಟ್ಟಿಸಿ ಅಳೆಯುವುದೇ ಪರೀಕ್ಷೆ.

ತೊಂದರೆ ಎಂದರೆ ತಾನಾಗಿ ಯಾರೂ ಅಲ್ಲಿಗೆ ಮುಟ್ಟುವುದಿಲ್ಲ. ಮಿತಿ ಇನ್ನೂ ದೂರವಿರುವಾಗಲೇ ಕಾಲುಗಳು ಸಾಕಪ್ಪ ಸಾಕು ಎಂದು ಗೋಗರೆಯಲು ಶುರುಮಾಡುತ್ತವೆ. ಅದಕ್ಕೇ ಪರೀಕ್ಷೆ ಮಾಡುವವರು ಪಕ್ಕದಲ್ಲಿ ನಿಂತು ಗಂಟಲು ಹರಿಯುವಂತೆ ಕೂಗಿ ತುಳಿಸಬೇಕು. ಈ ವಿಭಾಗದಲ್ಲಿ ಆ ಕೂಗಿಗೆ ಬೇರೆಯಾಗಿ ಹತ್ತು ಅಂಕ ಇಟ್ಟಿದ್ದರು. ಮೊದಲ ಕೂಗು ಪರೀಕ್ಷೆಗೆ ಕೂತ ವಿದ್ಯಾರ್ಥಿಯದೇ ಆಗಿರಬೇಕು, ಆಮೇಲೆ ಯಾರು ಬೇಕಾದರೂ ದನಿ ಸೇರಿಸಬಹುದು. ಕಾರಿಡಾರಿನಲ್ಲಿ ಹೋಗುತ್ತಿದ್ದವರು, ನೆಲ ಒರೆಸುತ್ತಿದ್ದವರು, ಸಹಿ ಹಾಕಿಸಿಕೊಳ್ಳಲು ಬಂದಿದ್ದ ಗುಮಾಸ್ತರು ಎಲ್ಲರೂ ಬಾಗಿಲಿಗೆ ಬಂದು ಗುರುತು ಪರಿಚಯ ಇಲ್ಲದವರಿಗಾಗಿ ಬೊಬ್ಬೆ ಹೊಡೆಯುವುದು ಇಲ್ಲಿಯ ವಾಡಿಕೆ.

ಪಿಸು ಈ ಪರೀಕ್ಷೆಯಲ್ಲಿ ಒಮ್ಮೆ ಮುಗ್ಗರಿಸಿದ್ದಳು. ಯಂತ್ರ ಜೋಡಿಸಿದ್ದರಲ್ಲಿ ಅಲ್ಲ, ಲೆಕ್ಕದಲ್ಲಿ ಅಲ್ಲ, ಅದರಲ್ಲೆಲ್ಲ ಅವಳನ್ನು ಮೀರಿಸುವವರು ಇರಲಿಲ್ಲ. ಅವತ್ತು ಸೈಕಲ್ ತುಳಿಯಲು ಬಂದಿದ್ದವರು ಜಿಮ್ಮಿನ ಯಜಮಾನರು, ಕಟ್ಟುಮಸ್ತಾದ ಆಳು. ಅವರ ಕಾಲು ಸೋಲುವ ಹೊತ್ತಿಗೆ ಇವಳು ಅವರ ಕಿವಿಯ ಬಳಿ, "ಇನ್ನೊಂದ್ಚೂರು ಸಾರ್... ಇನ್ನೊಂದೇ ಚೂರು..." ಅಂದಳು. ಬಾಗಿಲಲ್ಲಿ ಅರ್ಧ ಡಜನ್ ಜನ ಬಾಯಿ ತೆರೆದುಕೊಂಡು ಮೊದಲ ಕೂಗಿಗಾಗಿ ಕಾಯುತ್ತಲೇ ಇದ್ದರು. ಯಜಮಾನರು ನಿಂತೇಬಿಟ್ಟರು. "ಸಾಕು ಅಂತಿದೀಯೇನೋ ಅನ್ಕೊಂಡೆ ಮಗಾ," ಎಂದರು. ಮೇಡಂ, "ಕೂಗು ಅಂದ್ರೆ ಜೋಗುಳ ಹಾಡಿದ್ಯಲ್ಲೇ," ಎಂದು ತಲೆ ಚಚ್ಚಿಕೊಂಡರು.

ಇವತ್ತಿನದು ಎರಡನೆಯ ಮತ್ತು ಕೊನೆಯ ಅವಕಾಶ. ಇದೂ ಕೈತಪ್ಪಿದರೆ ಮೂರನೇ ವರ್ಷ ಪ್ರಯೋಗಾಲಯದ ಕಡೆ ತಲೆ ಹಾಕುವಂತಿಲ್ಲ, ಕ್ರೀಡಾ ನಿರ್ವಹಣೆಗೆ ಹೋಗಬೇಕು. ಮೈದಾನ ಯಾವ ದಿನ ಯಾರಿಗೆ ಕೊಡಬೇಕು, ಎಷ್ಟು ಕುರ್ಚಿ ಹಾಕಿಸಬೇಕು ಅನ್ನುವುದನ್ನು ಕಲಿಯಬೇಕು. ಅದು ಕೀಳು ಕೆಲಸವೆಂದು ಪಿಸುಗೆ ಅನ್ನಿಸಿರಲಿಲ್ಲ. ಆದರೆ ಅವಳ ಜೀವ ಇದ್ದದ್ದು ಈ ಕೋಣೆಯಲ್ಲಿ. ಯಾರದೋ ಹೃದಯದ ಬಡಿತವನ್ನು ಮೊದಲ ಸಲ ಪರದೆಯ ಮೇಲೆ ನೋಡಿದ ದಿನ ಅವಳಿಗೆ ಅನ್ನ ಸೇರಿರಲಿಲ್ಲ, ಬೇಜಾರಿಗಲ್ಲ, ಖುಷಿಗೆ. ಇವತ್ತೂ ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಬಂದು ಯಂತ್ರಕ್ಕೆ ಅಳತೆಯ ಗಾಳಿ ಹಾಯಿಸಿ, ಮುಳ್ಳು ಸರಿಯಾದ ಜಾಗಕ್ಕೆ ಬಂದು ನಿಂತದ್ದನ್ನು ನೋಡಿ, ಯಾರೂ ಇಲ್ಲವೆಂದು ಒಂದು ಸಲ ಕುಣಿದಿದ್ದಳು. ಸ್ಪಾನರಣ್ಣ ಆಗಲೇ ಬಂದು ಸಿಲಿಂಡರಿನ ಹಿಂದೆ ಬಗ್ಗಿ ಕೂತಿದ್ದನೆಂಬುದು ಅವಳಿಗೆ ಗೊತ್ತಿರಲಿಲ್ಲ. ಯಂತ್ರಗಳ ರಿಪೇರಿ ನೋಡಿಕೊಳ್ಳುವ ಆತ ಪ್ಯಾಂಟಿನ ಹಿಂದಿನ ಜೇಬಿನಲ್ಲಿ ಸ್ಪಾನರ್ ಇಲ್ಲದೆ ಓಡಾಡಿದ್ದನ್ನು ಯಾರೂ ನೋಡಿಲ್ಲ. "ಕುಣಿ ಕುಣಿ, ನಾನೇನೂ ನೋಡ್ಲಿಲ್ಲ," ಎಂದು ಅಲ್ಲಿಂದಲೇ ಹೇಳಿದ.

ಓಡಲು ಬಾರದ, ಆಡಲು ಬಾರದ ಹುಡುಗಿ ಈ ಓದಿಗೆ ಹೇಗೆ ಬಂದಳು ಅಂತ ನೆಂಟರೆಲ್ಲ ಮೂಗಿನ ಮೇಲೆ ಬೆರಳಿಟ್ಟಿದ್ದರು. ಅದಕ್ಕೆ ಕಾರಣ ಅವಳ ಪಿಸುಮಾತಿಗಿದ್ದ ಕಾರಣವೇ. ಅಪ್ಪ ದೊಡ್ಡಾಸ್ಪತ್ರೆಯಲ್ಲಿ ರಾತ್ರಿ ಪಾಳಿಯ ಅಟೆಂಡರ್. ಅವಳು ಹುಟ್ಟುವ ಮುಂಚಿನಿಂದಲೂ ರಾತ್ರಿ ಪಾಳಿಯೇ. ಮನೆಯಲ್ಲಿದ್ದದ್ದು ಎರಡೇ ಕೋಣೆ, ಹಗಲು ಹೊತ್ತಿನಲ್ಲಿ ಅದರಲ್ಲೊಂದು ಅಪ್ಪನ ನಿದ್ದೆಗೆ ಮೀಸಲು. ಕುಕ್ಕರು ಸೀಟಿ ಹೊಡೆಯುವ ಮೊದಲೇ ಅಮ್ಮ ಒಲೆ ಆರಿಸುತ್ತಿದ್ದಳು. ಕರೆಗಂಟೆಯ ತಂತಿಯನ್ನು ಯಾವಾಗಲೋ ಕಿತ್ತು ಹಾಕಿಯಾಗಿತ್ತು. ಮಕ್ಕಳಿಬ್ಬರೂ ಜಗಳವಾಡಬೇಕೆಂದರೂ ತುಟಿಯಲ್ಲೇ ಬೈದು, ಸದ್ದಿಲ್ಲದೆ ಚಿವುಟಿ, ಸದ್ದಿಲ್ಲದೆ ಅಳಬೇಕಿತ್ತು.

ಟೀವಿ ನೋಡುವುದೂ ಹಾಗೇ, ದನಿ ಪೂರ್ತಿ ಇಳಿಸಿ. ಮಾತಿಲ್ಲದೆ ಧಾರಾವಾಹಿ ಅರ್ಥವಾಗುವುದಿಲ್ಲ, ಆದರೆ ಓಟದ ಪಂದ್ಯ ಅರ್ಥವಾಗುತ್ತದೆ. ಅಣ್ಣ ತಂಗಿ ದಿನಗಟ್ಟಲೆ ಮೂಕ ಟೀವಿಯಲ್ಲಿ ಓಟ, ಈಜು, ಸೈಕಲ್ಲು ನೋಡಿದರು. ವಿವರಣೆ ಕೊಡುವವರ ಅಬ್ಬರ ಇಲ್ಲದ್ದರಿಂದ ಪಿಸುಗೆ ಕಂಡದ್ದೆಲ್ಲ ಬರೀ ಮೈಗಳು. ಕಾಲು ಸೋಲುವುದಕ್ಕೆ ಎಷ್ಟೋ ಮೊದಲೇ ಭುಜ ಕಿವಿಯ ಕಡೆಗೆ ಏರುತ್ತದೆ, ಗಲ್ಲ ಮುಂದೆ ಬರುತ್ತದೆ. "ಇವ್ನು ಹೋದ," ಅಂತ ಅವಳು ಅಣ್ಣನ ಕಿವಿಯಲ್ಲಿ ಹೇಳಿದರೆ ಅವನು ಹೋದಹಾಗೆಯೇ. ಅದು ಯಾಕೆ ಹಾಗಾಗುತ್ತದೆ ಎಂದು ತಿಳಿಯುವ ಹುಚ್ಚು ಅವಳನ್ನು ಇಲ್ಲಿಯವರೆಗೆ ಎಳೆದು ತಂದಿತ್ತು.

ಈ ಬಾರಿ ಪ್ರತಿಯೊಬ್ಬರೂ ನಲವತ್ತು ದಾಟಿದ, ಮನೆಯ ಅಥವಾ ಪರಿಚಯದ ಒಬ್ಬರನ್ನು ಕರೆತರಬೇಕಿತ್ತು. ಯಾರನ್ನು ಕೇಳುವುದೆಂದು ಪಿಸು ಊಟದ ಹೊತ್ತಿನಲ್ಲಿ ಅಮ್ಮನ ಹತ್ತಿರ ಗೊಣಗುತ್ತಿದ್ದಾಗ ಅಪ್ಪ ತಟ್ಟೆಯಿಂದ ತಲೆಯೆತ್ತಿ, "ನಂಗೂ ನಲ್ವತ್ತು ದಾಟಿದೆ," ಎಂದ.

"ನಿಮ್ಗೇನು ತಲೆ ಕೆಟ್ಟಿದ್ಯಾ?" ಎಂದಳು ಅಮ್ಮ. "ಆಸ್ಪತ್ರೆಗೆ ದುಡಿಯೋಕೆ ಹೋಗೋದು ಸಾಲ್ದು ಅಂತ ಇನ್ನು ಮಲಗೋಕೂ ಹೋಗ್ಬೇಕಾ?"

ಅಪ್ಪ ಊಟ ಮುಗಿಸಿ ಎದ್ದ. ಮಾರನೆಯ ದಿನವೇ ಹೋಗಿ, ಪರೀಕ್ಷೆಯ ಹಿಂದಿನ ರಾತ್ರಿಗೆ ರಜೆ ಬರೆದುಕೊಟ್ಟು ಬಂದ. ವಿಭಾಗದ ಡಾಕ್ಟರು ಅವನ ಎದೆಗೆ ತಂತಿ ಅಂಟಿಸಿ, ಕೂರಿಸಿ, ನಡೆಸಿ, ಎಲ್ಲ ನೋಡಿ, "ಏನು ಕೆಲ್ಸ ಮಾಡ್ತೀರಿ ನೀವು?" ಎಂದು ಕೇಳಿದರು. ಆಸ್ಪತ್ರೆಯಲ್ಲಿ ಲಿಫ್ಟ್ ಕೆಟ್ಟು ಯಾವ ಕಾಲವಾಯಿತೋ, ರೋಗಿಗಳನ್ನು ಮಲಗಿಸಿದ ಟ್ರಾಲಿಯನ್ನು ಇಳಿಜಾರಿನಲ್ಲಿ ಮೂರು ಮಹಡಿ ತಳ್ಳುವುದೇ ಕೆಲಸ ಎಂದು ಅಪ್ಪ ಹೇಳಿದ. "ಹಾಗಾದ್ರೆ ಧಾರಾಳವಾಗಿ ತುಳೀರಿ," ಎಂದು ಡಾಕ್ಟರು ಒಪ್ಪಿಗೆ ಕೊಟ್ಟರು. ಇವತ್ತೂ ಅವರು ಮೂಲೆಯ ಕುರ್ಚಿಯಲ್ಲಿ ಕೂತಿದ್ದರು.

ಬೆಳಿಗ್ಗೆ ವಿಭಾಗದ ಮೆಟ್ಟಿಲು ಹತ್ತುವಾಗ ಅಪ್ಪ ಅವಳ ತೋಳು ಮುಟ್ಟಿ, "ನನ್ನಿಂದ ನಿಂಗೇನೂ ತೊಂದ್ರೆ ಆಗದ ಹಾಗೆ ನೋಡ್ಕೋತೀನಿ," ಎಂದಿದ್ದ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದ, ಅದನ್ನು ಬಿಚ್ಚಿ ಬನಿಯನ್ನಿನಲ್ಲಿ ಕೂರಬೇಕೆಂದಾಗ ನಾಚಿಕೊಂಡಿದ್ದ. ಈಗ ಮಾಸ್ಕಿನ ಮೇಲೆ ಅವನ ಕಣ್ಣುಗಳು ಮಾತ್ರ ಕಾಣುತ್ತಿದ್ದವು. ಪಿಸು ಪಟ್ಟಿಯನ್ನು ಹಿಂದಲೆಯಲ್ಲಿ ಬಿಗಿಯುತ್ತ, ಅಪ್ಪನ ತಲೆಯನ್ನು ತಾನು ಹೀಗೆ ಎರಡು ಕೈಯಲ್ಲಿ ಹಿಡಿದದ್ದೇ ಇಲ್ಲವಲ್ಲ ಎಂದುಕೊಂಡಳು.

"ಹೆಬ್ಬೆಟ್ಟು ಎತ್ತಿದ್ರೆ ಇನ್ನೂ ಆಗುತ್ತೆ ಅಂತ. ಅಂಗೈ ತೋರ್ಸಿದ್ರೆ ನಿಲ್ಸು ಅಂತ. ಗೊತ್ತಾಯ್ತಾ?"

ಅಪ್ಪ ಹೆಬ್ಬೆಟ್ಟು ಎತ್ತಿದ.

"ಶುರು ಮಾಡು," ಎಂದರು ಮೇಡಂ.

ಅಪ್ಪ ತುಳಿಯತೊಡಗಿದ. ಪರದೆಯ ಮೇಲೆ ಗೆರೆಗಳು ಹುಟ್ಟಿಕೊಂಡವು. ಹಸಿರು ಗೆರೆ ಉಸಿರಿನ ಗಾತ್ರ, ನೀಲಿ ಆಮ್ಲಜನಕ, ಹಳದಿ ಅವನು ಹೊರಬಿಡುವ ಗಾಳಿಯಲ್ಲಿ ಇಂಗಾಲಾಮ್ಲ ಎಷ್ಟು ದಟ್ಟವಾಗಿದೆ ಎಂಬುದು. ಪಿಸುಗೆ ಪುಳಕವಾಯಿತು. ಯಾರ ಯಾರದೋ ಗೆರೆಗಳನ್ನು ನೋಡಿದ್ದಳು, ಇದು ಅಪ್ಪನದು. ಆಸ್ಪತ್ರೆಯ ಕತ್ತಲಲ್ಲಿ ಇಷ್ಟು ವರ್ಷ ಟ್ರಾಲಿ ತಳ್ಳಿದ ಮೈಯೊಳಗೆ ಏನೇನಾಗುತ್ತದೆ ಎಂಬುದು ಈಗ ಅವಳ ಕಣ್ಣೆದುರೇ ಬಣ್ಣ ಬಣ್ಣವಾಗಿ ಏರುತ್ತಿತ್ತು. ಅಪ್ಪ ಒಂದೇ ಲಯದಲ್ಲಿ ತುಳಿಯುತ್ತಿದ್ದ. ತುಳಿತ ಒಂದು ಹಂತ ಬಿಗಿಯಾಯಿತು, ಅವನಿಗೆ ಅದು ಗೊತ್ತೂ ಆದಂತಿರಲಿಲ್ಲ. ಮತ್ತೊಂದು ಹಂತ. ಡಾಕ್ಟರು ಕುರ್ಚಿಯನ್ನು ಮುಂದೆ ಎಳೆದುಕೊಂಡರು.

"ನಿಮ್ಮಪ್ಪ ಏನ್ ತಿಂತಾರೆ?" ಎಂದು ಬಾಗಿಲಿನಿಂದ ಕೊಕ್ಕರೆ ಕೇಳಿದ. ಉದ್ದ ಕಾಲಿನ ಆ ಹುಡುಗನ ಪರೀಕ್ಷೆ ಇವಳ ನಂತರ. ಅವನು ಕರೆತಂದಿದ್ದ ಚಿಕ್ಕಮ್ಮ ಸ್ಕೂಲ್ ಬಸ್ಸು ಓಡಿಸುವವರು, ಆಗಲೇ ಸೀರೆ ಬಿಟ್ಟು ಅವನ ಟ್ರ್ಯಾಕ್ ಪ್ಯಾಂಟ್ ಹಾಕಿಕೊಂಡು, ಕೆಳಗೆ ಮೂರು ಮಡಿಕೆ ಮಡಚಿ ಸಜ್ಜಾಗಿ ನಿಂತಿದ್ದರು.

ಎಲ್ಲ ಸರಿಯಾಗಿಯೇ ನಡೆಯುತ್ತಿದ್ದಾಗ ಹಸಿರು ಗೆರೆ ಅಡ್ಡ ಮಲಗಿತು.

ಪಿಸು ಕಣ್ಣು ಕಿರಿದು ಮಾಡಿ ನೋಡಿದಳು. ತುಳಿತ ಬಿಗಿಯಾಗುತ್ತಿದೆ, ಎದೆಬಡಿತ ಏರುತ್ತಿದೆ, ಉಸಿರು ಮಾತ್ರ ಏರುತ್ತಿಲ್ಲ. ಬೆಟ್ಟ ಹತ್ತುತ್ತಿರುವ ಮನುಷ್ಯ ಜಗಲಿಯ ಮೇಲೆ ಕೂತವನ ಹಾಗೆ ಉಸಿರಾಡುವುದುಂಟೇ? ಸ್ಪಾನರಣ್ಣ ಅವಳ ಹಿಂದೆ ಬಂದು ನಿಂತು ದನಿ ತಗ್ಗಿಸಿ, "ಮಾಸ್ಕ್ ಸೋರ್ತಿದೆ ಕಣಮ್ಮ. ಗಾಳಿ ಪಕ್ಕದಿಂದ ಹೋಗ್ತಿದೆ. ನಿಲ್ಸಿಬಿಡು," ಎಂದ.

ಮಾಸ್ಕು ಸೋರುತ್ತಿದ್ದರೆ ಈಗ ಬರುತ್ತಿರುವ ಅಂಕಿಗಳೆಲ್ಲ ಕಸ, ಮುಂದುವರಿಸಿದರೆ ನಪಾಸು. ನಿಲ್ಲಿಸಿದರೆ ಆ ದಿನ ಅದೇ ಮನುಷ್ಯನನ್ನು ಮತ್ತೆ ಸೈಕಲ್ ಹತ್ತಿಸುವಂತಿಲ್ಲ, ಇವತ್ತು ಕೊನೆಯ ದಿನ, ಆಗಲೂ ನಪಾಸು. ಅವಳು ಮೇಡಂ ಕಡೆ ನೋಡಿದಳು. ಮೇಡಂ ಮುಖದಲ್ಲಿ ಏನೂ ಇರಲಿಲ್ಲ. ತೀರ್ಮಾನ ವಿದ್ಯಾರ್ಥಿಯದೇ ಎಂಬುದೂ ಪರೀಕ್ಷೆಯ ಒಂದು ಭಾಗ.

ಪಿಸು ಬಗ್ಗಿ ಮಾಸ್ಕಿನ ಅಂಚಿನ ಸುತ್ತ ಬೆರಳಾಡಿಸಿದಳು. ಎಲ್ಲೂ ಗಾಳಿ ತಾಕಲಿಲ್ಲ. ಮತ್ತೆ ಪರದೆ ನೋಡಿದಳು. ಹಳದಿ ಗೆರೆ ಏರುತ್ತಿತ್ತು. ಮಾಸ್ಕು ಸೋರಿದ್ದರೆ ಹೊರಗಿನ ಗಾಳಿ ಬೆರೆತು ಅದು ತೆಳುವಾಗಬೇಕು, ಇಳಿಯಬೇಕು. ಇದು ಏರುತ್ತಿದೆ. ಅಂದರೆ ಗಾಳಿ ಎಲ್ಲಿಗೂ ಹೋಗುತ್ತಿಲ್ಲ. ಒಳಗೇ ಇದೆ. ಒಳಗೆ ಯಾರೋ ಹಿಡಿದಿಟ್ಟುಕೊಂಡಿದ್ದಾರೆ.

ಆಗ ಅವಳು ಪರದೆ ಬಿಟ್ಟು ಅಪ್ಪನತ್ತ ಕಿವಿಗೊಟ್ಟಳು. ಈ ಸೈಕಲ್ಲಿನ ಮೇಲೆ ಈ ಹಂತಕ್ಕೆ ಬಂದವರ ಏದುಸಿರು ಕಾರಿಡಾರಿನ ಕೊನೆಯವರೆಗೂ ಕೇಳಿಸುತ್ತದೆ. ಅಪ್ಪನಿಂದ ಏನೂ ಇಲ್ಲ. ಪೆಡಲಿನ ಸದ್ದು, ಅಷ್ಟೇ. ಇನ್ನೂ ಹತ್ತಿರ ಹೋದಾಗ ಮೂಗಿನ ತುದಿಯಲ್ಲಿ ಬಿಗಿಹಿಡಿದು, ಎಳೆಯೆಳೆಯಾಗಿ ಬಿಡುತ್ತಿದ್ದ ಉಸಿರು ಕೇಳಿಸಿತು. ಅದು ಅವಳಿಗೆ ತೀರ ಪರಿಚಯದ್ದು. ಬೆಳಗಿನ ಜಾವ, ಎಲ್ಲರೂ ಮಲಗಿರುವಾಗ, ಪಾಳಿ ಮುಗಿಸಿ ಬಂದು ಚಿಲಕವನ್ನು ಬೆರಳಲ್ಲಿ ಹಿಡಿದು ಮುಚ್ಚಿ, ಬೆಕ್ಕಿನ ಹಾಗೆ ಕೋಣೆ ದಾಟುವ ಮನುಷ್ಯನ ಉಸಿರು. ಹೊದಿಕೆಯ ಒಳಗೆ ಎಚ್ಚರವಾಗಿ ಮಲಗಿ ಅವಳು ಎಷ್ಟು ಸಲ ಅದನ್ನು ಕೇಳಿದ್ದಳೋ. ಅಪ್ಪ ಎದ್ದುಬಿಡಬಾರದೆಂದು ಇವರು ಹಗಲೆಲ್ಲ ಪಿಸುಗುಟ್ಟಿದರೆ, ಇವರು ಎದ್ದುಬಿಡಬಾರದೆಂದು ಅವನು ನಸುಕಿನಲ್ಲಿ ಉಸಿರು ಕಟ್ಟುತ್ತಿದ್ದ.

"ಸೋರ್ತಿಲ್ಲ," ಎಂದಳು ಪಿಸು.

"ಏನು?" ಎಂದ ಸ್ಪಾನರಣ್ಣ.

"ಮಾಸ್ಕ್ ಸೋರ್ತಿಲ್ಲಣ್ಣ." ಅಪ್ಪನ ಕಿವಿಗೆ ಬಗ್ಗಿ, "ಅಪ್ಪ, ಉಸಿರು ಬಿಡು. ಜೋರಾಗಿ ಬಿಡು," ಎಂದಳು.

ಅಪ್ಪ ಹೆಬ್ಬೆಟ್ಟು ಎತ್ತಿದ. ಕಣ್ಣಲ್ಲೇ, ಚಿಂತೆ ಮಾಡಬೇಡ ಮಗಳೇ ಎಂಬಂತೆ ಸಮಾಧಾನ ಹೇಳಿದ. ಹಸಿರು ಗೆರೆ ಅಲುಗಲಿಲ್ಲ. ಅವನ ಹಣೆಯ ನರ ಉಬ್ಬಿತ್ತು. ಭುಜ ಕಿವಿಯ ಕಡೆಗೆ ಏರತೊಡಗಿತ್ತು. ಇವ್ನು ಹೋದ, ಎಂದು ಅವಳೊಳಗೆ ಯಾರೋ ಹೇಳಿದರು. ಕಾಲಲ್ಲಿ ಇನ್ನೂ ಶಕ್ತಿ ಇದೆ, ಹೃದಯದಲ್ಲಿ ಇದೆ, ಒಂದು ಸದ್ದು ಮಾಡಲು ಹೆದರಿ ಈ ಮನುಷ್ಯ ಅರ್ಧ ದಾರಿಯಲ್ಲೇ ನಿಲ್ಲುತ್ತಾನೆ. ಪಿಸುಗೆ ಸಿಟ್ಟು ಬಂತು. ಅಪ್ಪನ ಮೇಲೋ ಮನೆಯ ಮೇಲೋ ತನ್ನ ಗಂಟಲಿನ ಮೇಲೋ ತಿಳಿಯಲಿಲ್ಲ. ಸಿಟ್ಟಿನ ಜೊತೆಗೇ ಎಂಥದೋ ಉತ್ಸಾಹ ಉಕ್ಕಿ ಬಂತು, ಬೆಳಿಗ್ಗೆ ಒಬ್ಬಳೇ ಕುಣಿದಾಗಿನದಕ್ಕಿಂತ ದೊಡ್ಡದು.

"ಅಪ್ಪಾ!"

ಅಪ್ಪ ಬೆಚ್ಚಿಬಿದ್ದ. ಡಾಕ್ಟರು ಬೆಚ್ಚಿಬಿದ್ದರು. ಸ್ಪಾನರಣ್ಣನ ಕೈ ತನ್ನಷ್ಟಕ್ಕೆ ಹಿಂದಿನ ಜೇಬಿಗೆ ಹೋಯಿತು. ಬಾಗಿಲಲ್ಲಿದ್ದವರು ಇದು ಯಾರ ದನಿ ಎಂದು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಸದ್ದು ಮಾಡು ಅಪ್ಪಾ! ಬಾಯಿ ತೆಗೆದು ಉಸಿರಾಡು!"

ಅವನು ಕಣ್ಣರಳಿಸಿ ಅವಳನ್ನೇ ನೋಡುತ್ತಿದ್ದ. ಕಾಲು ತುಳಿಯುತ್ತಲೇ ಇತ್ತು.

"ಯಾರೂ ಮಲಗಿಲ್ಲ ಅಪ್ಪಾ! ಎಲ್ಲಾರೂ ಎದ್ದಿದೀವಿ! ಬಾಗಿಲು ದಡಾರ್ ಅಂತ ಹಾಕು! ಪಾತ್ರೆ ಬೀಳ್ಸು! ಬಿಡು ಅಪ್ಪಾ, ಬಿಟ್ಬಿಡು!"

ಮೊದಲು ಮಾಸ್ಕಿನೊಳಗಿಂದ ಬಸ್ಸಿನ ಬ್ರೇಕು ಬಿಟ್ಟಂಥ ಸದ್ದು ಬಂತು. ಆಮೇಲೆ ಅಪ್ಪ ಎದೆ ತುಂಬ ಗಾಳಿ ಎಳೆದುಕೊಂಡ, ಎಳೆದುಕೊಂಡದ್ದನ್ನು ಬುಸ್ಸೆಂದು ಬಿಟ್ಟ, ಮತ್ತೆ ಎಳೆದುಕೊಂಡ. ಹಸಿರು ಗೆರೆ ನೆಗೆಯಿತು. ಅದರ ಹಿಂದೆಯೇ ನೀಲಿ ಗೆರೆ ಮೇಲೆದ್ದಿತು. ಹಳದಿ ಇಳಿಯತೊಡಗಿತು. ಕೆಳಗಿಳಿದ ಭುಜ, ಸಡಿಲವಾದ ಕತ್ತು, ಇದು ಬೇರೆಯೇ ಮನುಷ್ಯ ಎನ್ನುವ ಹಾಗೆ ಅಪ್ಪ ತುಳಿಯತೊಡಗಿದ.

ಬಾಗಿಲಿನವರು ಮೊದಲ ಕೂಗಿಗೆ ಎಷ್ಟು ದಿನದಿಂದ ಕಾದಿದ್ದರೋ. ಎಲ್ಲರೂ ಒಮ್ಮೆಗೇ ಶುರುಮಾಡಿದರು. ಕೊಕ್ಕರೆ ಬಾಗಿಲ ಹಲಗೆಗೆ ಗುದ್ದುತ್ತ, "ತುಳೀರಿ ಅಂಕಲ್!" ಎಂದ. ಚಿಕ್ಕಮ್ಮ ಅವನನ್ನು ಪಕ್ಕಕ್ಕೆ ತಳ್ಳಿ ಮುಂದೆ ಬಂದು, "ಹತ್ಸಿ ಅಣ್ಣಾ, ಗೇರ್ ಹಾಕಿ!" ಎಂದರು. ನೆಲ ಒರೆಸುವವಳು ಬಕೆಟ್ಟಿಗೆ ಕೋಲಿನಿಂದ ಬಡಿದಳು. ಆ ಗದ್ದಲದ ನಡುವೆಯೂ ಎಲ್ಲಕ್ಕಿಂತ ಮೇಲೆ ಕೇಳಿಸುತ್ತಿದ್ದುದು ಪಿಸುವಿನ ದನಿ. ಅದು ಚಂದದ ದನಿಯೇನಲ್ಲ. ಒಡಕು, ಕೀರಲು, ಇಷ್ಟು ವರ್ಷ ಮುಚ್ಚಿಟ್ಟ ಕಿಟಕಿಯ ಹಾಗೆ ಕಿರುಗುಡುವ ದನಿ. ಅವಳಿಗೆ ಅದನ್ನು ನಿಲ್ಲಿಸುವ ಮನಸ್ಸೂ ಇರಲಿಲ್ಲ.

ಅಪ್ಪನ ಮುಖ ಕೆಂಪಗಾಗಿತ್ತು. ಪ್ರತಿ ಉಸಿರಿನ ಜೊತೆ ಗಂಟಲಿನಿಂದ ಒಂದೊಂದು ಹೂಂಕಾರ ಹೊರಡುತ್ತಿತ್ತು. "ಆಗುತ್ತಾ ಅಪ್ಪಾ?" ಎಂದು ಕೂಗಿದಳು. ಹೆಬ್ಬೆಟ್ಟು ಮೇಲೆದ್ದಿತು. ತುಳಿತ ಬಿಗಿಯಾಯಿತು. ಮತ್ತೆ ಕೇಳಿದಳು. ಮತ್ತೆ ಹೆಬ್ಬೆಟ್ಟು. ಆಮೇಲೆ ಅವಳು ಪರದೆಯಲ್ಲಿ ಕಂಡದ್ದನ್ನು ನಂಬಲಾರದೆ ಅದರ ಗಾಜಿಗೆ ಬೆರಳಿಟ್ಟಳು. ತುಳಿತ ಏರಿತ್ತು, ನೀಲಿ ಗೆರೆ ಏರಿರಲಿಲ್ಲ. ಏರದೆ, ಇಳಿಯದೆ, ಮೇಜಿನ ಅಂಚಿನಷ್ಟು ನೇರವಾಗಿ ನಿಂತಿತ್ತು. ಪುಸ್ತಕದ ಚಿತ್ರದಲ್ಲಿ ಬಿಟ್ಟರೆ ಈ ಮಟ್ಟಸ ಗೆರೆಯನ್ನು ಅವರ ಕ್ಲಾಸಿನಲ್ಲಿ ಯಾರೂ ನೋಡಿರಲಿಲ್ಲ. ಪೈಲ್ವಾನರಂಥ ಆಟಗಾರರೂ ಇಲ್ಲಿಗೆ ಬರುವ ಮುಂಚೆ ಕೈಚೆಲ್ಲಿದ್ದರು.

"ಮುಟ್ತು!" ಎಂದು ಕೂಗಿದಳು. "ಅಪ್ಪಾ, ಮುಟ್ಬಿಟ್ಟೆ! ಇನ್ನೊಂದ್ಸ್ವಲ್ಪ ಹಿಡ್ಕೋ!"

ಅಪ್ಪ ಹಿಡಿದುಕೊಂಡ. ಮಾಸ್ಕಿನೊಳಗೇ ಏನೋ ಅರಚಿದ, ಮಾತೋ ಬರೀ ಸದ್ದೋ ಗೊತ್ತಾಗಲಿಲ್ಲ. ಆಮೇಲೆ ಅಂಗೈ ಅಗಲಿಸಿ ಎತ್ತಿದ.

ಪಿಸು ಪೆಡಲಿನ ಭಾರ ಇಳಿಸಿದಳು. ಏದುಸಿರು ತಗ್ಗುವವರೆಗೆ ಹಗುರವಾಗಿ ತುಳಿಸಬೇಕು, ಅದೂ ನಿಯಮ. ಮಾಸ್ಕು ತೆಗೆದಾಗ ಅಪ್ಪನ ಮೂಗಿನ ಮೇಲೆ, ಕೆನ್ನೆಯ ಮೇಲೆ ಅಂಚಿನ ಗುರುತು ಕೆಂಪಗೆ ಕೂತಿತ್ತು. ಕೋಣೆಯಲ್ಲಿ ಈಗ ಅಪ್ಪನ ಉಸಿರಿನದೇ ಸದ್ದು. ತಿದಿ ಒತ್ತಿದ ಹಾಗೆ ಬರುತ್ತಿದ್ದ ಆ ಸದ್ದಿಗೆ ಅವನಿಗೇ ನಾಚಿಕೆಯಾಗಿ ಎರಡು ಸಲ ತಡೆಯಲು ನೋಡಿದ, ಆಗದೆ ನಕ್ಕುಬಿಟ್ಟ.

"ಯಾಕಪ್ಪ ಹಾಗೆ ಉಸಿರು ಕಟ್ಕೊಂಡಿದ್ದೆ?" ಎಂದಳು ಪಿಸು. ಗಂಟಲು ಆಗಲೇ ಕಟ್ಟಿಹೋಗಿತ್ತು.

ಅಪ್ಪ ಬಾಗಿಲಾಚೆ ಕೈ ತೋರಿಸಿದ. ಕಾರಿಡಾರಿನ ಗೋಡೆಗೆ ಬೋರ್ಡು ಹಾಕಿತ್ತು: ಪರೀಕ್ಷೆ ನಡೆಯುತ್ತಿದೆ, ಮೌನವಾಗಿರಿ. ಆ ತುದಿಯ ಹಾಲಿನಲ್ಲಿ ಬರೆಯುತ್ತಿದ್ದವರಿಗಾಗಿ ಹಾಕಿದ ಹಳೆಯ ಬೋರ್ಡು, ಬರೆಯುವ ಪರೀಕ್ಷೆ ಮುಗಿದು ವಾರ ಕಳೆದರೂ ತೆಗೆಯುವ ಗೋಜಿಗೆ ಯಾರೂ ಹೋಗಿರಲಿಲ್ಲ.

"ಪರೀಕ್ಷೆ ಅಲ್ವಾ," ಎಂದ ಅಪ್ಪ, ಉಸಿರು ಎಳೆದುಕೊಂಡು. "ನಾನು ಬುಸಬುಸ ಅಂದ್ರೆ... ನಿನ್ನ ಮಾರ್ಕ್ಸ್ ಕಳೀತಾರೆ ಅನ್ಕೊಂಡೆ."

ಡಾಕ್ಟರು ಹೊಟ್ಟೆ ಹಿಡಿದುಕೊಂಡು ನಕ್ಕರು. ಸ್ಪಾನರಣ್ಣ ಪರದೆಯ ಮುಂದೆ ಬಗ್ಗಿ, ಹಳದಿ ಗೆರೆಯ ಉದ್ದಕ್ಕೂ ಉಗುರು ಆಡಿಸಿ, "ನಾನು ನಿಲ್ಸಿಬಿಡ್ತಿದ್ದೆ," ಎಂದು ತನ್ನಷ್ಟಕ್ಕೆ ಹೇಳಿಕೊಂಡ. ಮೇಡಂ ಮಾತ್ರ ನಗದೆ ಮೇಜಿನ ಮೇಲಿನ ಫೋನನ್ನು ಕಿವಿಗಿಟ್ಟುಕೊಂಡು ಕೇಳುತ್ತಿದ್ದರು. "ಇಲ್ಲ ಇಲ್ಲ, ಯಾರಿಗೂ ಏನೂ ಆಗಿಲ್ಲ," ಎಂದು ಹೇಳಿ ಇಟ್ಟರು.

"ಲೈಬ್ರರಿಯಿಂದ," ಎಂದು ಪಿಸು ಕಡೆ ತಿರುಗಿದರು. "ಯಾರೋ ಹುಡುಗಿ ಅಪ್ಪಾ ಅಪ್ಪಾ ಅಂತ ಕಿರುಚ್ಕೋತಿದಾಳೆ, ಆಂಬುಲೆನ್ಸ್ ಕರೀಬೇಕಾ ಅಂತ ಕೇಳ್ತಿದ್ರು." ಆಮೇಲೆ ಅಪ್ಪನಿಗೆ, "ಮುಂದಿನ ವರ್ಷ ಈ ಲ್ಯಾಬಲ್ಲಿ ಇವಳ ಕಾಟ ತಡ್ಕೋಬೇಕಲ್ಲ ನಾನು. ಕೂಗಿಗೆ ಹತ್ತಕ್ಕೆ ಹತ್ತು. ಇದ್ದಿದ್ರೆ ಹನ್ನೊಂದೂ ಕೊಡ್ತಿದ್ದೆ," ಎಂದರು.

ಪಿಸುಗೆ ಅಳು ಬಂದ ಹಾಗಾಯಿತು, ಅಷ್ಟರಲ್ಲಿ ಕೊಕ್ಕರೆ ಬಂದು ಬೆನ್ನಿಗೆ ಗುದ್ದಿದ್ದರಿಂದ ಅದು ಕೆಮ್ಮಾಯಿತು. ಅಪ್ಪ ಅವಳ ಕಡೆಗೇ ನೋಡುತ್ತಿದ್ದ. "ಇಷ್ಟು ಗಂಟಲು ಇಟ್ಕೊಂಡು ಎಲ್ಲಿದ್ಯೇ ನೀನು?" ಎಂದ. ಅವಳು ಬಗ್ಗಿ ಅವನ ಪಾದವನ್ನು ಪೆಡಲಿಗೆ ಬಿಗಿದಿದ್ದ ಬೆಲ್ಟು ಬಿಚ್ಚಿದಳು.

ಅರ್ಧ ಗಂಟೆ ಬೆಂಚಿನ ಮೇಲೆ ಕೂತು ಸುಧಾರಿಸಿಕೊಳ್ಳಬೇಕೆಂದು ಡಾಕ್ಟರು ಅಪ್ಪನಿಗೆ ಹೇಳಿದರು. ಅವನು ಭುಜದ ಮೇಲೆ ಟವೆಲು ಹಾಕಿಕೊಂಡು ಕಾರಿಡಾರಿನ ಬೆಂಚಿನಲ್ಲಿ ಕೂತ. ಪಿಸು ಲೋಟದಲ್ಲಿ ನೀರು ತಂದುಕೊಟ್ಟು ಪಕ್ಕದಲ್ಲಿ ಕೂತಳು. ಒಳಗೆ ಕೊಕ್ಕರೆಯ ಚಿಕ್ಕಮ್ಮ ಸೈಕಲ್ ಹತ್ತಿದ್ದರು. ಮೊದಮೊದಲು ಅವರು ಮಾಸ್ಕಿನೊಳಗಿಂದಲೇ ಜೋ‍ಕು ಹೊಡೆಯುತ್ತಿದ್ದುದು ಕೇಳಿಸಿತು. ಸ್ವಲ್ಪ ಹೊತ್ತಿಗೆ ಜೋಕು ನಿಂತು ಏದುಸಿರು ಮಾತ್ರ ಉಳಿಯಿತು. ಕೊಕ್ಕರೆ ಕೂಗತೊಡಗಿದ. ಅವನದು ಮೊದಲೇ ದೊಡ್ಡ ಗಂಟಲು, ಆದರೆ ಇವಳ ಅಪ್ಪನಿಗಾಗಿ ಅರಚಿ ಅರಚಿ ಅದರ ಮುಕ್ಕಾಲು ಪಾಲು ಖರ್ಚಾಗಿ ಹೋಗಿತ್ತು. ಬಾಗಿಲಲ್ಲಿದ್ದವರೂ ಅಷ್ಟೇ, ಸೊರಗಿದ ದನಿಯಲ್ಲಿ ಅಷ್ಟಿಷ್ಟು ಕೂಗುತ್ತಿದ್ದರು. ಒಳಗೆ ಪೆಡಲಿನ ಲಯ ನಿಧಾನವಾಯಿತು.

ಪಿಸು ಎದ್ದು ಹೋಗಿ ಬಾಯಿ ತೆರೆದಳು. ಗಾಳಿ ಬಂತು, ದನಿ ಬರಲಿಲ್ಲ.

"ನಿಲ್ಸಿಬಿಡ್ತಾರೆ ಅವ್ರು," ಎಂದ ಅಪ್ಪ ಅವಳ ಹಿಂದಿನಿಂದ. ಯಾವಾಗ ಎದ್ದು ಬಂದನೋ, ಬಂದದ್ದು ಅವಳಿಗೆ ಗೊತ್ತಾಗಿರಲಿಲ್ಲ. ಟವೆಲನ್ನು ಅವಳ ಕೈಗೆ ಕೊಟ್ಟು ಬಾಗಿಲಲ್ಲಿದ್ದವರ ನಡುವೆ ದಾರಿ ಮಾಡಿಕೊಂಡು ಮುಂದೆ ಹೋಗಿ ನಿಂತ. ಒಮ್ಮೆ ಮೇಡಂ ಮುಖ ನೋಡಿದ. ಮೇಡಂ ತಲೆಯಾಡಿಸಿದರು. ಅವನು ಗಂಟಲು ಸರಿಮಾಡಿಕೊಂಡ, ಮತ್ತೆ ಸರಿಮಾಡಿಕೊಂಡ, ಎಲ್ಲಿಂದ ಶುರು ಮಾಡುವುದೆಂದು ತಿಳಿಯದವನ ಹಾಗೆ ಬಾಗಿಲ ಚೌಕಟ್ಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

"ತಂಗೀ!" ಎಂದ.

ಪೆಡಲಿನ ಲಯ ಒಂದು ಕ್ಷಣ ತಪ್ಪಿ, ಮತ್ತೆ ಕೂಡಿಕೊಂಡಿತು.

"ಬಿಡ್ಬೇಡಮ್ಮಾ! ತುಳೀ! ಇನ್ನೂ ಇದೆ ನಿನ್ನ ಹತ್ರ!"

ಪಿಸು ಅವನ ಹಿಂದೆ ನಿಂತಿದ್ದಳು. ಅಲ್ಲಿಂದ ಅವಳಿಗೆ ಸೈಕಲ್ಲೂ ಕಾಣುತ್ತಿರಲಿಲ್ಲ, ಪರದೆಯೂ ಕಾಣುತ್ತಿರಲಿಲ್ಲ. ಅವಳು ಅಪ್ಪನ ಬೆನ್ನ ಮೇಲೆ ಅಂಗೈ ಇಟ್ಟಳು. ಒದ್ದೆ ಬನಿಯನ್ನಿನ ಅಡಿಯಲ್ಲಿ, ಎರಡು ರೆಕ್ಕೆಮೂಳೆಗಳ ನಡುವೆ, ಅವನು ಕೂಗಿದಾಗಲೆಲ್ಲ ಬೆನ್ನು ಅದುರಿ ಅವಳ ಕೈಯನ್ನು ತಳ್ಳುತ್ತಿತ್ತು.